ಗೋವಿಂದರು ಎಷ್ಟು ಮಂದಿ? — ನಾಮಸಾಮ್ಯವನ್ನು ಕುರಿತು ಒಂದು ವಿಮರ್ಶೆ

ಒಂದೇ ಹೆಸರಿನ ಹಲವರನ್ನು ಒಟ್ಟುಗೂಡಿಸಿ ಬರೆಯುವ ಲೇಖನಗಳು ನಮ್ಮಲ್ಲಿ ವಿರಳವಲ್ಲ. ಈ ಹೆಸರಿನವರಲ್ಲಿ ಇಷ್ಟು ಮಂದಿ ಅರಸರು, ಇಷ್ಟು ಮಂದಿ ಕವಿಗಳು, ಇಷ್ಟು ಮಂದಿ ಸಾಧುಸಂತರು ಆಗಿಹೋದರೆಂದು ಎಣಿಸಿ, ಕೊನೆಗೆ ‘ಹೆಸರಿನ ಮಹಿಮೆಯೇ ಅಂಥದು’ ಎಂದು ಮುಗಿಸುವುದು ಆ ಲೇಖನಗಳ ಪದ್ಧತಿ. ಓದುವುದಕ್ಕೆ ಹಿತವಾಗಿರುವ ಈ ಪದ್ಧತಿಯಲ್ಲಿ ವಿಮರ್ಶೆಯ ದೃಷ್ಟಿಯಿಂದ ಒಂದು ಅಪಾಯವಿದೆ. ಹೆಸರು ಒಂದಾಗಿರುವುದರಿಂದ ವ್ಯಕ್ತಿಗಳ ನಡುವೆಯೂ ಏನೋ ಸಂಬಂಧವಿರಬೇಕೆಂಬ ಭಾವನೆ ಓದುಗರಲ್ಲಿ ಮೆಲ್ಲನೆ ಬೇರೂರುತ್ತದೆ. ಕಡೆಗೆ ಇಬ್ಬರು ಸೇರಿ ಒಬ್ಬರಾಗುತ್ತಾರೆ. ಇಲ್ಲವೆ ಒಬ್ಬನ ಕೃತಿ ಇನ್ನೊಬ್ಬನ ಪಾಲಾಗುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ‘ಛಂದೋಂಬುಧಿ’ಯನ್ನು ಬರೆದ ನಾಗವರ್ಮನೂ ‘ಕಾವ್ಯಾವಲೋಕನ’ವನ್ನು ಬರೆದ ನಾಗವರ್ಮನೂ ಒಬ್ಬನೇ ಎಂದು ನಂಬಿದ್ದ ಕಾಲವೊಂದಿತ್ತು. ಅವರಿಬ್ಬರನ್ನೂ ಬಿಡಿಸಿ, ಅವರವರ ಶತಮಾನಗಳಲ್ಲಿ ಕೂರಿಸಲು ವಿದ್ವಾಂಸರು ಪಟ್ಟ ಶ್ರಮ ಸಾಮಾನ್ಯವಾದುದಲ್ಲ. ಅಂಥ ಶ್ರಮದ ಬೆಲೆಯನ್ನು ತಿಳಿಯಬೇಕಾದರೆ ಒಂದು ಹೆಸರನ್ನು ಹಿಡಿದು ಅದರ ಬೆನ್ನು ಹತ್ತಿ ಹೋಗುವುದು ಒಳ್ಳೆಯ ಅಭ್ಯಾಸ. ಅದಕ್ಕಾಗಿ ‘ಗೋವಿಂದ’ ಎಂಬ ಹೆಸರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಮಂಜೇಶ್ವರದಿಂದ ಅಕ್ಕಲಕೋಟೆಯವರೆಗೆ, ತಾಳವಾಡಿಯಿಂದ ಮಡಕಶಿರದವರೆಗೆ ಈ ಹೆಸರಿಲ್ಲದ ಗಡಿನಾಡ ಶಾಲೆಯ ಹಾಜರಿ ಪುಸ್ತಕವನ್ನು ಹುಡುಕುವುದು ಸುಲಭವಲ್ಲವಾದುದರಿಂದ, ಈ ವಿಚಾರವು ನಮ್ಮ ಉಪಾಧ್ಯಾಯ ಬಂಧುಗಳಿಗೆ ದೂರದ್ದೆಂದು ತೋರಲಾರದು.

ಹೆಸರಿನ ಅರ್ಥ

‘ಗೋ’ ಶಬ್ದಕ್ಕೆ ‘ವಿದ್’ ಧಾತುವನ್ನು ಸೇರಿಸಿ ಈ ನಾಮವನ್ನು ಸಾಧಿಸುವುದು ವೈಯಾಕರಣರ ಮಾರ್ಗ. ‘ಗೋಪೇಂದ್ರ’ ಎಂಬುದೇ ಪ್ರಾಕೃತದಲ್ಲಿ ಸವೆದು ‘ಗೋವಿಂದ’ ಆಯಿತೆಂದು ಹೇಳುವ ಭಾಷಾಶಾಸ್ತ್ರಜ್ಞರೂ ಇದ್ದಾರೆ. ‘ಗೋ’ ಎಂದರೆ ಹಸು, ಭೂಮಿ, ವಾಕ್ಕು ಎಂದು ಹಲವು ಅರ್ಥಗಳಿರುವುದರಿಂದ ವ್ಯಾಖ್ಯಾನಕಾರರಿಗೆ ಇಲ್ಲಿ ಬೇಕಾದಷ್ಟು ಎಡೆಯಿದೆ. ವಿಷ್ಣುಸಹಸ್ರನಾಮದಲ್ಲಿ ಈ ನಾಮವು ಎರಡು ಸಲ ಬರುತ್ತದೆ. ಪುನರುಕ್ತಿಯ ದೋಷ ಬಾರದಂತೆ ಭಾಷ್ಯಕಾರರು ಒಂದೊಂದು ಸ್ಥಳಕ್ಕೆ ಒಂದೊಂದು ಅರ್ಥವನ್ನು ಹೇಳಿದ್ದಾರೆ. ಇದು ಗಮನಿಸತಕ್ಕ ಸಂಗತಿ. ಒಬ್ಬನೇ ದೇವರ ಒಂದೇ ಹೆಸರು ಎರಡು ಕಡೆ ಬಂದಾಗಲೂ ಅದನ್ನು ಬೇರೆ ಬೇರೆಯಾಗಿ ನೋಡಿದ ಹಿರಿಯರ ಪರಂಪರೆ ನಮ್ಮದು. ಹೀಗಿರುವಲ್ಲಿ ಬೇರೆ ಬೇರೆ ಕಾಲದ ಮನುಷ್ಯರನ್ನು ಹೆಸರಿನ ಸಾಮ್ಯದಿಂದಲೇ ಒಬ್ಬನೆಂದು ಎಣಿಸುವುದು ಹೇಗೆ ಒಪ್ಪತಕ್ಕ ಮಾತಾದೀತು?

ಇನ್ನೊಂದು ಸೂಕ್ಷ್ಮವೂ ಉಂಟು. ಹೆಸರು ಯಾವಾಗಲೂ ಹೆಸರೇ ಆಗಿರುವುದಿಲ್ಲ. ಪಾಳಿಯ ದೀಘನಿಕಾಯದಲ್ಲಿ ‘ಮಹಾಗೋವಿಂದ ಸುತ್ತ’ ಎಂಬುದೊಂದಿದೆ. ದಿಸಂಪತಿಯೆಂಬ ಅರಸನ ಪುರೋಹಿತನು ಗೋವಿಂದ. ಅವನ ಮಗ ಜೋತಿಪಾಲ. ತಂದೆಯ ತರುವಾಯ ಆ ಸ್ಥಾನಕ್ಕೆ ಬಂದ ಜೋತಿಪಾಲನನ್ನು ಜನರು ಮಹಾಗೋವಿಂದನೆಂದು ಕರೆದರು. ಎಂದರೆ ಇಲ್ಲಿ ಗೋವಿಂದ ಎಂಬುದು ತೊಟ್ಟಿಲಲ್ಲಿ ಇಟ್ಟ ಹೆಸರಲ್ಲ, ಪದವಿಯೊಡನೆ ಬಂದ ಹೆಸರು. ನಮ್ಮ ಕಾಲಕ್ಕೆ ಬಂದರೆ, ಜರ್ಮನಿಯಲ್ಲಿ ಹುಟ್ಟಿ ಬೌದ್ಧದೀಕ್ಷೆ ಪಡೆದು ಚಿತ್ರಕಾರನೂ ಗ್ರಂಥಕಾರನೂ ಆದ ಲಾಮಾ ಅನಾಗಾರಿಕ ಗೋವಿಂದರು (೧೮೯೮–೧೯೮೫) ಈ ಹೆಸರನ್ನು ತಾವಾಗಿ ಧರಿಸಿದವರು. ಆದುದರಿಂದ ‘ಗೋವಿಂದ’ ಎಂದ ಮಾತ್ರಕ್ಕೆ ಅವನು ವೈಷ್ಣವನೆಂದಾಗಲಿ, ಈ ದೇಶದಲ್ಲಿ ಹುಟ್ಟಿದವನೆಂದಾಗಲಿ ನಿಶ್ಚಯಿಸುವಂತಿಲ್ಲ.

ಅರಸರಾದ ಗೋವಿಂದರು

ಇತಿಹಾಸಕ್ಕೆ ಬರೋಣ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯು ಬರೆದ ಶಾಸನವು (ಕ್ರಿ. ಶ. ೬೩೪) ಎಲ್ಲ ಉಪಾಧ್ಯಾಯರಿಗೂ ಪರಿಚಿತವಾದದ್ದು. ಇಮ್ಮಡಿ ಪುಲಕೇಶಿಯ ಆಳಿಕೆಯ ಆರಂಭದಲ್ಲಿ ಅಪ್ಪಾಯಿಕ, ಗೋವಿಂದ ಎಂಬಿಬ್ಬರು ಆನೆಗಳ ಪಡೆಯೊಡನೆ ಭೀಮರಥಿಯ ಉತ್ತರದ ಸೀಮೆಯನ್ನು ಗೆಲ್ಲಲು ಬಂದರೆಂದು ಅದರಲ್ಲಿದೆ. ಅವರಲ್ಲಿ ಒಬ್ಬನಿಗೆ ಭಯದ ಅನುಭವವಾಯಿತು. ಇನ್ನೊಬ್ಬನು ಉಪಕಾರ ಮಾಡಿ ಫಲ ಪಡೆದನು. ಭೀಮರಥಿಯೆಂದರೆ ಸೊಲ್ಲಾಪುರದ ಸೀಮೆಯಲ್ಲಿ ಹರಿಯುವ ನಮ್ಮ ಭೀಮಾನದಿಯೇ. ಈ ಗೋವಿಂದನು ಯಾರು? ರಾಷ್ಟ್ರಕೂಟರಲ್ಲಿ ಗೋವಿಂದ ಎಂಬ ಹೆಸರು ಮತ್ತೆ ಮತ್ತೆ ಬರುವುದರಿಂದ ಇವನೂ ಆ ವಂಶದ ಪೂರ್ವಿಕನಾಗಿರಬಹುದೆಂದು ಕೆಲವು ಇತಿಹಾಸಕಾರರು ಊಹಿಸಿದರು. ಊಹೆ ಅಸಾಧ್ಯವಾದದ್ದಲ್ಲ. ಆದರೆ ಅದಕ್ಕೆ ಆಧಾರವಾಗಿ ನಿಂತಿರುವುದು ಹೆಸರೊಂದೇ. ಶಾಸನವು ಅವನ ವಂಶವನ್ನು ಹೇಳುವುದಿಲ್ಲ, ಬಿರುದನ್ನು ಹೇಳುವುದಿಲ್ಲ, ಊರನ್ನೂ ಹೇಳುವುದಿಲ್ಲ. ಇಂಥಲ್ಲಿ ‘ರಾಷ್ಟ್ರಕೂಟ ಗೋವಿಂದ’ ಎಂದು ಬರೆದು ಬಿಡುವ ಲೇಖಕನು ಸಂಶೋಧನೆಗೆ ಉಪಕಾರ ಮಾಡಿದಂತಾಗುವುದಿಲ್ಲ. ‘ಇರಬಹುದು’ ಎಂಬುದನ್ನು ‘ಇದ್ದನು’ ಎಂದು ತಿದ್ದಿದಂತಾಗುತ್ತದೆ.

ರಾಷ್ಟ್ರಕೂಟರಲ್ಲಿಯೇ ನಾಲ್ವರು ಗೋವಿಂದರು ಎಣಿಕೆಗೆ ಬಂದಿದ್ದಾರೆ. ಒಂದನೆಯ, ಎರಡನೆಯ ಎಂಬ ಸಂಖ್ಯೆಗಳು ಇತಿಹಾಸಕಾರರು ತಮ್ಮ ಅನುಕೂಲಕ್ಕೆ ಹಚ್ಚಿದವು. ಶಾಸನ ಬರೆಸಿದವರಿಗೆ ಅವು ಗೊತ್ತಿರಲಿಲ್ಲ. ಹಾಗಾದರೆ ಬಿರುದುಗಳಿಂದ ಗುರುತಿಸೋಣವೇ ಎಂದರೆ ಅಲ್ಲಿಯೂ ತೊಡಕು. ‘ಪ್ರಭೂತವರ್ಷ’ ಎಂಬ ಬಿರುದು ಇಮ್ಮಡಿ ಗೋವಿಂದನಿಗೂ ಉಂಟು, ಮುಮ್ಮಡಿ ಗೋವಿಂದನಿಗೂ ಉಂಟು, ನಾಲ್ವಡಿ ಗೋವಿಂದನಿಗೂ ಉಂಟು. ‘ಜಗತ್ತುಂಗ’ ಎಂದರೆ ನೃಪತುಂಗನ ತಂದೆಯಾದ ಮುಮ್ಮಡಿ ಗೋವಿಂದ (೭೯೩–೮೧೪). ‘ಸುವರ್ಣವರ್ಷ’ ಎಂದೂ ಕೂಡಿ ಬಂದರೆ ನಾಲ್ವಡಿ ಗೋವಿಂದ. ಎಂದರೆ ಹೆಸರು ಸಾಲದು, ಒಂದು ಬಿರುದೂ ಸಾಲದು. ತಂದೆ ಯಾರು, ಶಕವರ್ಷ ಯಾವುದು, ಜೊತೆಗಿರುವ ಇತರ ಬಿರುದುಗಳೇನು ಎಂಬುದೆಲ್ಲ ಒಂದೆಡೆ ಸೇರಿದಾಗ ಮಾತ್ರ ವ್ಯಕ್ತಿ ಸ್ಪಷ್ಟವಾಗುತ್ತಾನೆ. ಇಂದು ಜತ್ತ ತಾಲ್ಲೂಕು ಸೇರಿರುವ ಜಿಲ್ಲೆಯ ಮುಖ್ಯ ಪಟ್ಟಣವಾದ ಸಾಂಗ್ಲಿಯ ಹೆಸರಿನಿಂದಲೇ ಪ್ರಸಿದ್ಧವಾದ, ೯೩೩ರ ತಾಮ್ರಶಾಸನವು ಈ ನಾಲ್ವಡಿ ಗೋವಿಂದನದು.

ಈ ನಾಲ್ವಡಿ ಗೋವಿಂದನನ್ನು ನಮ್ಮ ಆದಿಕವಿಯೂ ಬಲ್ಲನು. ಆದರೆ ಪಂಪಭಾರತದಲ್ಲಿ (೯೪೧) ‘ಗೋವಿಂದ’ ಎಂದು ಹುಡುಕಿದವರಿಗೆ ಆ ಚಕ್ರವರ್ತಿ ಸಿಕ್ಕಲಾರನು. ಅಲ್ಲಿ ಅವನು ‘ಗೊಜ್ಜಿಗ’. ವೇಮುಲವಾಡದ ಅರಿಕೇಸರಿಯು ಶರಣು ಬಂದ ವಿಜಯಾದಿತ್ಯನನ್ನು ಗೊಜ್ಜಿಗನ ಕೋಪದಿಂದ ಕಾಪಾಡಿ, ರಾಜ್ಯಭಾರವು ಬದ್ದೆಗನಿಗೆ ಸಲ್ಲುವಂತೆ ಮಾಡಿದ ಸಂಗತಿಯನ್ನು ಪಂಪನು ತನ್ನ ಆಶ್ರಯದಾತನ ಹಿರಿಮೆಯಾಗಿ ಹೇಳಿದ್ದಾನೆ. ಸಂಸ್ಕೃತದ ಗೋವಿಂದನು ಕನ್ನಡದ ಬಾಯಲ್ಲಿ ಗೊಜ್ಜಿಗನಾದನು. ಇದು ನಾಮಸಾಮ್ಯಕ್ಕೆ ತದ್ವಿರುದ್ಧವಾದ ತೊಡಕು. ಒಂದು ಹೆಸರು ಹಲವರನ್ನು ಮರೆಮಾಡುವಂತೆಯೇ ಎರಡು ಹೆಸರುಗಳು ಒಬ್ಬನನ್ನೇ ಇಬ್ಬರನ್ನಾಗಿ ತೋರಿಸಬಲ್ಲವು.

‘ಗುರು ಗೋವಿಂದ’ ಎಂದರೆ ಯಾರು?

ಧರ್ಮದ ಕ್ಷೇತ್ರದಲ್ಲಿ ಈ ತೊಡಕು ಇನ್ನೂ ಹೆಚ್ಚು; ಏಕೆಂದರೆ ಅಲ್ಲಿ ದೇವರೂ ಗೋವಿಂದ, ಗುರುವೂ ಗೋವಿಂದ. ಶಂಕರಾಚಾರ್ಯರ ಗುರುಗಳು ಗೋವಿಂದ ಭಗವತ್ಪಾದರು. ನರ್ಮದಾತೀರದಲ್ಲಿ ಶಂಕರರು ಅವರನ್ನು ಕಂಡರೆಂಬುದು ಸಂಪ್ರದಾಯ. ಶಂಕರರದೆಂದು ಹೇಳಲಾಗುವ ವಿವೇಕಚೂಡಾಮಣಿಯ ಮೊದಲ ಶ್ಲೋಕದಲ್ಲಿ ವಂದನೆ ಸಲ್ಲುವುದು ಗೋವಿಂದನೆಂಬ ಸದ್ಗುರುವಿಗೆ. ಅಲ್ಲಿ ದೇವರನ್ನೂ ಗುರುವನ್ನೂ ಒಂದೇ ಶಬ್ದದಲ್ಲಿ ಕಾಣಿಸುವ ಇಂಗಿತವಿದೆ ಎಂದು ವ್ಯಾಖ್ಯಾನಿಸುವವರು ಹೇಳುತ್ತಾರೆ. ಕಾವ್ಯದಲ್ಲಿ ಇಂಥ ಶ್ಲೇಷೆ ಗುಣ. ಚರಿತ್ರೆಯಲ್ಲಿ ಅದೇ ದೋಷ.

ಇದಕ್ಕೆ ನಿದರ್ಶನ ‘ರಸಹೃದಯತಂತ್ರ’. ಪಾದರಸದ ಸಂಸ್ಕಾರಗಳನ್ನು ಹೇಳುವ ಈ ಗ್ರಂಥದ ಕರ್ತೃವೂ ಗೋವಿಂದ ಭಗವತ್ಪಾದನೇ. ಹೆಸರು ಮಾತ್ರವಲ್ಲ, ಗೌರವವಾಚಕವೂ ಒಂದೇ! ಆದುದರಿಂದ ಶಂಕರರ ಗುರುಗಳೇ ರಸವಿದ್ಯೆಯ ಆಚಾರ್ಯರೂ ಆಗಿದ್ದರೆಂದು ಹಲವರು ನಂಬಿದರು. ಆದರೆ ಶಂಕರರ ಕಾಲ ಎಂಟನೆಯ ಶತಮಾನದ ಆಸುಪಾಸು; ರಸಹೃದಯವಾದರೋ ಹತ್ತು ಹನ್ನೊಂದನೆಯ ಶತಮಾನದ್ದೆಂದು ರಸಶಾಸ್ತ್ರದ ಚರಿತ್ರೆಯನ್ನು ಶೋಧಿಸಿದವರಲ್ಲಿ ಅನೇಕರ ಮತ. ಹದಿನಾಲ್ಕನೆಯ ಶತಮಾನದ ಸರ್ವದರ್ಶನಸಂಗ್ರಹವು ರಸೇಶ್ವರದರ್ಶನವನ್ನು ವಿವರಿಸುವಾಗ ಈ ಗ್ರಂಥವನ್ನು ಉದಾಹರಿಸುತ್ತದೆ. ಆ ಸಂಗ್ರಹವನ್ನು ಬರೆದ ಮಾಧವನು ಯಾವ ಮಾಧವನು ಎಂಬುದು ಇಂಥದೇ ಇನ್ನೊಂದು ವಾದ, ಅದಿರಲಿ. ಅದ್ವೈತಿಯಾದ ಸಂನ್ಯಾಸಿ ಪಾದರಸವನ್ನು ಶೋಧಿಸಬಾರದೆಂಬ ನಿಷೇಧವೇನೂ ಇಲ್ಲ. ಆದರೆ ಇಬ್ಬರನ್ನು ಒಬ್ಬನೆನ್ನಲು ಹೆಸರಿನ ಹೊರತು ಬೇರೆ ಪ್ರಮಾಣ ಬೇಕು. ಅದು ಒದಗದಿರುವವರೆಗೆ ಅವರನ್ನು ಬೇರೆಯಾಗಿಯೇ ಇಡುವುದು ನ್ಯಾಯ.

ಇನ್ನು ಕನ್ನಡದ ತತ್ವಪದಗಳಲ್ಲಿ ‘ಗುರು ಗೋವಿಂದ’ ಎಂದು ಬಂದರೆ ಅರ್ಥವೇ ಬೇರೆ. ಶಿಶುನಾಳ ಶರೀಫಸಾಹೇಬರು (೧೮೧೯–೧೮೮೯) ನೆನೆಯುವ ಗುರುಗೋವಿಂದನು ಧಾರವಾಡ ಸೀಮೆಯ ಕಳಸದ ಗೋವಿಂದಭಟ್ಟರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ಈ ಬಾಂಧವ್ಯವೇ ಆ ಪದಗಳ ಜೀವಾಳ. ಅಲ್ಲಿಯ ಗೋವಿಂದನನ್ನು ವೈಕುಂಠದ ಗೋವಿಂದನೆಂದು ಮಾತ್ರ ತಿಳಿಸಿ ಮುಂದಕ್ಕೆ ಹೋದರೆ ಪದದ ಭಕ್ತಿ ಉಳಿದೀತು, ಆದರೆ ಅದರ ಸಾಹಸ ಹೋಗಿಬಿಡುತ್ತದೆ. ತನ್ನ ಕಾಲದ ಜನರೆದುರು ಶಿಷ್ಯನು ಗುರುವಿನ ಹೆಸರನ್ನು ಎತ್ತಿ ಹೇಳಿದನೆಂಬುದೇ ಅಲ್ಲಿ ಮುಖ್ಯವಾದ ಸಂಗತಿ.

ಮೂರನೆಯವರು ಸಿಖ್ಖರ ಹತ್ತನೆಯ ಗುರು ಗೋವಿಂದಸಿಂಹರು (೧೬೬೬–೧೭೦೮). ಪಾಟ್ನಾದಲ್ಲಿ ಹುಟ್ಟಿ, ೧೬೯೯ರಲ್ಲಿ ಖಾಲ್ಸಾ ಪಂಥವನ್ನು ಕಟ್ಟಿ, ಗೋದಾವರೀತೀರದ ನಾಂದೇಡದಲ್ಲಿ ದೇಹವಿಟ್ಟರು. ಖಾಲ್ಸಾ ಸ್ಥಾಪನೆಯ ದಿನ ಮುಂದೆ ಬಂದ ‘ಪಂಚ ಪ್ಯಾರೇ’ ಐವರಲ್ಲಿ ಒಬ್ಬನಾದ ಸಾಹಿಬಸಿಂಹನು ನಮ್ಮ ಬೀದರದವನು. ಪಂಜಾಬಿಯಲ್ಲಿ ಇವರ ಹೆಸರು ‘ಗೋಬಿಂದ’. ಆರನೆಯ ಗುರು ‘ಹರಗೋಬಿಂದ’ರು (೧೫೯೫–೧೬೪೪) ಬೇರೆ. ಎರಡು ಅಕ್ಷರಗಳ ಈ ಅಂತರವನ್ನು ಮರೆತರೆ ವಿದ್ಯಾರ್ಥಿಯ ಉತ್ತರದಲ್ಲಿ ನೂರು ವರ್ಷ ಸಮೀಪದ ಇತಿಹಾಸ ಏರುಪೇರಾಗುತ್ತದೆ.

ಹೆಸರೇ ಹಿಂದಕ್ಕೆ ಸರಿದು ಬಿರುದು ಉಳಿದ ಉದಾಹರಣೆಯೂ ಉಂಟು. ರಾಮಾನುಜಾಚಾರ್ಯರ ತಾಯಿಯ ಸೋದರಿಯ ಮಗನ ಹೆಸರು ಗೋವಿಂದ. ಶ್ರೀವೈಷ್ಣವ ಗುರುಪರಂಪರೆಯಲ್ಲಿ ಅವನು ‘ಎಂಬಾರ್’ ಎಂದೇ ಪ್ರಸಿದ್ಧ.

ಸಂಗೀತದಲ್ಲಿ

ಒಂದೇ ಕಲೆಯೊಳಗೆ, ಒಂದೇ ವಿಷಯದ ಸುತ್ತ ಇಬ್ಬರು ಗೋವಿಂದರು ಬಂದಾಗ ಎಚ್ಚರವು ಇನ್ನಷ್ಟು ಬೇಕು. ತಂಜಾವೂರಿನ ನಾಯಕರಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತನು ಕನ್ನಡಿಗ ಮನೆತನದವನು. ಅವನ ಮಗ ವೆಂಕಟಮಖಿ ಹದಿನೇಳನೆಯ ಶತಮಾನದಲ್ಲಿ ‘ಚತುರ್ದಂಡೀಪ್ರಕಾಶಿಕೆ’ಯನ್ನು ರಚಿಸಿ ಎಪ್ಪತ್ತೆರಡು ಮೇಳಗಳ ಪ್ರಸ್ತಾರವನ್ನು ತೋರಿಸಿದನು. ಇನ್ನೊಬ್ಬನು ‘ಸಂಗ್ರಹಚೂಡಾಮಣಿ’ಯ ಗೋವಿಂದ, ಗೋವಿಂದಾಚಾರ್ಯನೆಂದೂ ಅವನನ್ನು ಕರೆಯುವುದುಂಟು. ಕನಕಾಂಗಿ, ರತ್ನಾಂಗಿ ಮುಂತಾಗಿ ಇಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಸಂಪೂರ್ಣ ಮೇಳಗಳ ಪದ್ಧತಿ ಈ ಎರಡನೆಯವನ ಗ್ರಂಥದೊಡನೆ ಸೇರಿದ್ದು. ಮೊದಲನೆಯವನ ಮಗನೂ ಎಪ್ಪತ್ತೆರಡು ಮೇಳ ಹೇಳಿದನು, ಎರಡನೆಯವನೂ ಎಪ್ಪತ್ತೆರಡು ಮೇಳ ಹೇಳಿದನು, ಹೆಸರು ಗೋವಿಂದ. ಇಬ್ಬರನ್ನೂ ಬೆರೆಸಿಬಿಡಲು ಇನ್ನೇನು ಬೇಕು? ಆದರೆ ಎರಡು ಪದ್ಧತಿಗಳ ನಡುವಿನ ಭೇದವೇ ಕರ್ನಾಟಕ ಸಂಗೀತಶಾಸ್ತ್ರದ ಚರಿತ್ರೆಯಲ್ಲಿ ಒಂದು ದೊಡ್ಡ ಅಧ್ಯಾಯ. ಇಬ್ಬರನ್ನು ಒಬ್ಬನನ್ನಾಗಿಸಿದರೆ ಆ ಅಧ್ಯಾಯವೇ ಹಾರಿಹೋಗುತ್ತದೆ.

ಗೋವಿಂದ ದೀಕ್ಷಿತನ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ‘ಸಂಗೀತಸುಧೆ’ ಎಂಬ ಗ್ರಂಥವು ರಘುನಾಥ ನಾಯಕನ ಹೆಸರಿನಲ್ಲಿದೆ. ಆದರೆ ಅದನ್ನು ರಚಿಸಿದವನು ತನ್ನ ತಂದೆಯೆಂದು ವೆಂಕಟಮಖಿಯೇ ಹೇಳಿದ್ದಾನೆ. ಮಂತ್ರಿಯ ವಿದ್ಯೆ ಅರಸನ ಹೆಸರಿಗೆ ಸಂದಿತು. ಮಗನ ಒಂದು ಮಾತು ಉಳಿಯದಿದ್ದರೆ ಈ ಗೋವಿಂದನು ಗ್ರಂಥಕರ್ತರ ಪಟ್ಟಿಯಿಂದ ಮರೆಯಾಗುತ್ತಿದ್ದನು. ಇವರಿಬ್ಬರ ಹೊರತಾಗಿ ಕೇರಳದ ಷಟ್ಕಾಲ ಗೋವಿಂದ ಮಾರಾರನು (೧೭೯೮–೧೮೪೩) ಲಯಸಾಧನೆಯಿಂದ ಹೆಸರಾದವನು. ಅವನು ತ್ಯಾಗರಾಜರನ್ನು ಕಂಡ ಕಥೆ ಸಂಗೀತಗಾರರ ನಡುವೆ ಬಹು ಪ್ರಸಿದ್ಧ.

ಕನ್ನಡ ಕಾವ್ಯದಲ್ಲಿ

ಕನ್ನಡ ಕವಿಗಳಲ್ಲಿ ಇಬ್ಬರು ಗೋವಿಂದರನ್ನು ಇಲ್ಲಿ ವಿಚಾರಿಸಬೇಕು. ಮೊದಲನೆಯವನು ಗೋವಿಂದವೈದ್ಯ. ಶ್ರೀರಂಗಪಟ್ಟಣದ ರಣಧೀರ ಕಂಠೀರವನನ್ನು ಕುರಿತ ‘ಕಂಠೀರವ ನರಸರಾಜ ವಿಜಯ’ (೧೬೪೮) ಎಂಬ ಸಾಂಗತ್ಯ ಕಾವ್ಯವು ಇವನ ಹೆಸರಿನಲ್ಲಿ ಪ್ರಚಾರದಲ್ಲಿದೆ. ಆ ಕಾಲದ ಪಟ್ಟಣದ ಬೀದಿಗಳನ್ನೂ ನವರಾತ್ರಿಯ ವೈಭವವನ್ನೂ ತಿಳಿಯಲು ಇಂಥ ಗ್ರಂಥ ಮತ್ತೊಂದಿಲ್ಲವೆನ್ನಬಹುದು. ಆದರೆ ಕಾವ್ಯದ ಒಳಗಿನ ಮಾತುಗಳನ್ನೇ ಆಧಾರ ಮಾಡಿಕೊಂಡು, ಬರೆದವನು ಭಾರತೀನಂಜ, ಆಸ್ಥಾನದಲ್ಲಿ ಓದಿದವನು ಗೋವಿಂದವೈದ್ಯ ಎಂದು ಹೇಳುವ ವಿದ್ವಾಂಸರಿದ್ದಾರೆ. ತಂಜಾವೂರಿನ ಗೋವಿಂದನು ಬರೆದು ಹೆಸರು ಕಳೆದುಕೊಂಡನು; ಶ್ರೀರಂಗಪಟ್ಟಣದ ಗೋವಿಂದನು ಓದಿ ಹೆಸರು ಪಡೆದನೇ? ಈ ಪ್ರಶ್ನೆಯನ್ನು ಮರೆಸಿ ಬರಿಯ ಹೆಸರನ್ನು ಪಾಠಪಟ್ಟಿಯಲ್ಲಿ ಬರೆದರೆ ವಿದ್ಯಾರ್ಥಿಗೆ ಉತ್ತರ ಸಿಕ್ಕೀತು, ವಿದ್ಯೆ ಸಿಕ್ಕದು.

ಎರಡನೆಯವರು ನಮ್ಮ ಗಡಿನಾಡಿನ ಹಿರಿಯರಾದ ಮಂಜೇಶ್ವರದ ಗೋವಿಂದ ಪೈಗಳು (೧೮೮೩–೧೯೬೩). ಮನೆಮಾತು ಕೊಂಕಣಿ, ಬರೆದದ್ದು ಕನ್ನಡ. ೧೯೪೯ರಲ್ಲಿ ಮದರಾಸು ಸರಕಾರವು ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. ೧೯೫೧ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ೧೯೫೬ರ ನವೆಂಬರ ೧ರಂದು ಕಾಸರಗೋಡು ಸೀಮೆ ಕೇರಳಕ್ಕೆ ಸೇರಿದಾಗ ಪೈಗಳ ಮನೆ ಇದ್ದಲ್ಲಿಯೇ ಇತ್ತು. ರಾಜ್ಯ ಮಾತ್ರ ಬದಲಾಯಿತು. ಇನ್ನು ಅವರ ಕಾವ್ಯವಸ್ತುವನ್ನು ನೋಡಿರಿ. ‘ಗೊಲ್ಗೊಥಾ’ (೧೯೩೭) ಕ್ರಿಸ್ತನ ಕೊನೆಯ ದಿನದ ಕಾವ್ಯ. ‘ವೈಶಾಖಿ’ (೧೯೪೬) ಬುದ್ಧನ ಕೊನೆಯ ದಿನದ ಕಾವ್ಯ. ಹೆಸರಿನಿಂದ ಕವಿಯನ್ನು ಊಹಿಸ ಹೊರಟವನು ಗೋವಿಂದನೆಂಬವನಲ್ಲಿ ಗೋಕುಲದ ಲೀಲೆಯನ್ನು ಹುಡುಕಿಯಾನು. ಆದರೆ ಈ ಗೋವಿಂದರ ಎರಡು ಮಹತ್ತ್ವದ ಖಂಡಕಾವ್ಯಗಳು ಅವನನ್ನು ಶಿಲುಬೆಯ ಬಳಿಗೂ ಸಾಲವೃಕ್ಷದ ನೆಳಲಿಗೂ ಕರೆದೊಯ್ಯುತ್ತವೆ. ಹೆಸರು ಕವಿಗೆ ತಂದೆತಾಯಿ ಕೊಟ್ಟದ್ದು. ವಸ್ತು ಅವನು ತಾನೇ ಆರಿಸಿಕೊಂಡದ್ದು. ವಿಮರ್ಶಕನಿಗೆ ಬೇಕಾದುದು ಎರಡನೆಯದು.

ಪೈಗಳ ಹೆಸರಿನ ಮುಂದಿನ ‘ಎಂ.’ ಎಂಬ ಅಕ್ಷರ ಮಂಜೇಶ್ವರವನ್ನು ಸೂಚಿಸುವುದು. ಮಲಯಾಳ ಸಾಹಿತ್ಯದಲ್ಲಿ ಎಂ. ಗೋವಿಂದನ್ (೧೯೧೯–೧೯೮೯) ಎಂಬ ಪ್ರಸಿದ್ಧ ಲೇಖಕರಿದ್ದರು. ಒಂದೇ ರಾಜ್ಯದ ಗ್ರಂಥಾಲಯದ ಸೂಚಿಯಲ್ಲಿ ಎಂ. ಗೋವಿಂದ, ಎಂ. ಗೋವಿಂದನ್ ಎಂದು ಅಕ್ಕಪಕ್ಕದಲ್ಲಿ ಬಂದರೆ, ಬಲ್ಲವರು ಬಿಡಿಸಿ ಹೇಳದೆ ಹೋದಲ್ಲಿ, ಮುಂದಿನ ಪೀಳಿಗೆಗೆ ಯಾರ ಪುಸ್ತಕ ಯಾರದಾದೀತೆಂಬುದನ್ನು ಯೋಚಿಸಬೇಕು.

ಮರಾಠಿಯ ನೆರೆಯಲ್ಲಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಉಪಾಧ್ಯಾಯರಿಗೆ ಬೇರೊಂದು ಬಗೆಯ ತೊಡಕು. ಅಲ್ಲಿ ನಡುವಿನ ಹೆಸರು ತಂದೆಯದು. ಮಹಾದೇವ ಗೋವಿಂದ ರಾನಡೆಯವರಲ್ಲಿ (೧೮೪೨–೧೯೦೧) ಗೋವಿಂದನು ತಂದೆ; ‘ಶಾರದಾ’ ನಾಟಕದ ಗೋವಿಂದ ಬಲ್ಲಾಳ ದೇವಲರಲ್ಲಿ (೧೮೫೫–೧೯೧೬) ಗೋವಿಂದನು ನಾಟಕಕಾರನೇ. ಕ್ರಮವನ್ನು ಅರಿಯದವನಿಗೆ ತಂದೆ ಮಗನಾಗುತ್ತಾನೆ. ಕವಿಗಳಲ್ಲಿ ಕವಿ ಗೋವಿಂದ (೧೮೭೪–೧೯೨೬) ಎಂದು ಖ್ಯಾತರಾದವರು ನಾಸಿಕದ ಸ್ವಾತಂತ್ರ್ಯಕವಿ ದರೇಕರರು. ‘ಗೋವಿಂದಾಗ್ರಜ’ ಎಂಬ ಅಂಕಿತದಲ್ಲಿ ಬರೆದವರಾದರೋ ರಾಮ ಗಣೇಶ ಗಡಕರಿಯವರು (೧೮೮೫–೧೯೧೯). ಗೋವಿಂದನು ಅವರ ತಮ್ಮ. ಕವಿಯು ಗೋವಿಂದನಲ್ಲ, ಗೋವಿಂದನ ಅಣ್ಣ. ಸಮಾಸವನ್ನು ಬಿಡಿಸಲು ಬಲ್ಲವನಿಗೆ ಮಾತ್ರ ಈ ಅಂಕಿತವು ನಿಜ ಹೇಳುತ್ತದೆ.

ಗಡಿನಾಡಿನ ಶಾಲೆಯಲ್ಲಿ

ಇಷ್ಟರವರೆಗೆ ನೋಡಿದುದೆಲ್ಲ ದೊಡ್ಡವರ ಮಾತು. ನಮ್ಮ ಶಾಲೆಯ ಮಕ್ಕಳ ವಿಷಯಕ್ಕೂ ಇದು ಅನ್ವಯಿಸುತ್ತದೆ. ಕನ್ನಡ ಮನೆಯ ಗೋವಿಂದನೊಬ್ಬನು ಕಾಸರಗೋಡಿನ ಕಾಗದದಲ್ಲಿ ‘ಗೋವಿಂದನ್’ ಆಗಬಹುದು, ಆಂಧ್ರದ ಕಾಗದದಲ್ಲಿ ‘ಗೋವಿಂದು’ ಆಗಬಹುದು, ಮಹಾರಾಷ್ಟ್ರದಲ್ಲಿ ತಂದೆಯ ಹೆಸರನ್ನು ಕೂಡಿಸಿಕೊಂಡು ‘ಗೋವಿಂದರಾವ’ ಆಗಬಹುದು. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ, ತಕಾರ ದಕಾರಗಳಿಗೂ ಒಂದೇ ಅಕ್ಷರ. ಹೊಸೂರು ತಾಳವಾಡಿಗಳಲ್ಲಿ ಆ ಲಿಪಿಯಲ್ಲಿ ಬರೆದ ಹೆಸರನ್ನು ತಿಳಿಯದವರು ಮರಳಿ ಕನ್ನಡಕ್ಕೆ ಇಳಿಸಿದರೆ ‘ಕೋವಿಂತ’ ಎಂದಾದರೂ ಆಶ್ಚರ್ಯವಿಲ್ಲ. ಇದರಲ್ಲಿ ಆಯಾ ಭಾಷೆಯ ತಪ್ಪೇನೂ ಇಲ್ಲ. ಪ್ರತಿಯೊಂದು ಭಾಷೆಯೂ ಹೆಸರನ್ನು ತನ್ನ ನಾಲಗೆಗೆ ಒಗ್ಗಿಸಿಕೊಳ್ಳುತ್ತದೆ. ಪಂಪನ ಕನ್ನಡವೂ ಗೋವಿಂದನನ್ನು ಗೊಜ್ಜಿಗನನ್ನಾಗಿ ಮಾಡಲಿಲ್ಲವೇ?

ತಪ್ಪಾಗುವುದು ತೀರ್ಮಾನದಲ್ಲಿ. ಹೆಸರಿನ ಕೊನೆಯಲ್ಲಿ ‘ನ್’ ಇದ್ದರೆ ಅವನು ಮಲಯಾಳಿ, ‘ಉ’ ಇದ್ದರೆ ತೆಲುಗ, ‘ರಾವ’ ಇದ್ದರೆ ಮರಾಠಿಗ ಎಂದು ಮನೆಮಾತನ್ನು ನಿಶ್ಚಯಿಸುವುದು, ಐಹೊಳೆಯ ಗೋವಿಂದನನ್ನು ರಾಷ್ಟ್ರಕೂಟನೆಂದು ನಿಶ್ಚಯಿಸಿದಷ್ಟೇ ಅವಸರದ ಕೆಲಸ. ಅಲ್ಲಿ ಕೆಡುವುದು ಹಳೆಯ ಚರಿತ್ರೆಯ ಒಂದು ಸಾಲು. ಇಲ್ಲಿ ಕೆಡುವುದು ಒಂದು ಮಗು ಯಾವ ಭಾಷೆಯಲ್ಲಿ ಓದಬೇಕೆಂಬ ಹಕ್ಕು. ಕನ್ನಡ ವಿಭಾಗದಲ್ಲಿ ಇಷ್ಟು ಮಕ್ಕಳಿದ್ದರೆ ಮಾತ್ರ ವಿಭಾಗ ಉಳಿಯುತ್ತದೆಂಬ ಎಣಿಕೆ ಇರುವಲ್ಲಿ ಒಂದು ಪ್ರತ್ಯಯಕ್ಕೂ ಬೆಲೆಯುಂಟು.

ಆದುದರಿಂದ ನಾಮಸಾಮ್ಯ ಎದುರಾದಾಗಲೆಲ್ಲ ಐದು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಊರು ಯಾವುದು? ತಂದೆ ಅಥವಾ ಗುರು ಯಾರು? ಆಶ್ರಯ ಕೊಟ್ಟವರು ಯಾರು? ಕೃತಿ ಅಥವಾ ಅಂಕಿತ ಏನು? ಕಾಲ ಯಾವುದು? ಈ ಐದರಲ್ಲಿ ಮೂರಕ್ಕಾದರೂ ಒಂದೇ ಉತ್ತರ ಬಂದು, ಉಳಿದವು ವಿರೋಧಿಸದಿದ್ದರೆ ಇಬ್ಬರನ್ನು ಒಬ್ಬನೆಂದು ಎಣಿಸಬಹುದು. ಇಲ್ಲದಿದ್ದರೆ ಬೇರೆ ಬೇರೆಯಾಗಿಡಬೇಕು. ಸಂದೇಹವಿರುವಲ್ಲಿ ‘ಇರಬಹುದು’ ಎಂದು ಬರೆಯಲು ನಾಚಿಕೆ ಪಡಬೇಕಾದುದಿಲ್ಲ. ಊರೂರಿನ ಶಾಸನ, ಕಡತ, ತತ್ವಪದಗಳನ್ನು ಸಂಗ್ರಹಿಸುವ ಉಪಾಧ್ಯಾಯರು ತಮ್ಮ ಸೂಚಿಪತ್ರದಲ್ಲಿ ಹೆಸರಿನೊಡನೆ ಈ ಐದು ಅಂಕಣಗಳನ್ನೂ ತೆರೆದರೆ ಅದೇ ಒಂದು ದೊಡ್ಡ ಸೇವೆಯಾದೀತು.

ಗೋವಿಂದರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಲೆಕ್ಕದ ಉತ್ತರವಿಲ್ಲ. ನಾವು ಇಲ್ಲಿ ಹೇಳಿದವರು ಕೆಲವರು, ಬಿಟ್ಟವರು ಹಲವರು. ಅವರೆಲ್ಲರನ್ನೂ ಒಂದು ದಾರದಲ್ಲಿ ಪೋಣಿಸುವುದು ವಿಮರ್ಶೆಯ ಕೆಲಸವಲ್ಲ. ಒಬ್ಬೊಬ್ಬನಿಗೂ ಅವನವನ ಊರನ್ನು, ಕಾಲವನ್ನು, ಕೃತಿಯನ್ನು ಮರಳಿ ಕೊಡುವುದೇ ಅದರ ಕೆಲಸ. ಹೆಸರು ಕರೆಯುವುದಕ್ಕೆ ಸಾಕು, ಗುರುತಿಸುವುದಕ್ಕೆ ಸಾಲದು.